ಗರ್ಭಾವಸ್ಥೆಯ ಮಧುಮೇಹ ಮತ್ತು ಹೊಟ್ಟೆಯಲ್ಲಿರುವ ಮಗು: ಪದೇ ಪದೇ ಕೇಳುವ ಪ್ರಶ್ನೆಗಳು

ತಪಾಸಣೆಗೆ ಬರುವ ಗರ್ಭಿಣಿಯರೂ ಅವರ ಜೊತೆಗಿರುವ ತಾಯಂದಿರು, ಅತ್ತೆಯರು, ಗಂಡಂದಿರೂ ಮಾತಿನಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಡಲಾಗಿದೆ. ಉತ್ತರಗಳಲ್ಲಿರುವ ಅಂಕಿಗಳು ಸಾಮಾನ್ಯ ತಿಳಿವಳಿಕೆಗಾಗಿ. ಔಷಧಿ ಯಾವುದು, ಎಷ್ಟು ಎಂಬುದನ್ನು ನಿಮ್ಮನ್ನು ನೋಡುತ್ತಿರುವ ವೈದ್ಯರೇ ತೀರ್ಮಾನಿಸಬೇಕು.

## ಮೊದಲ ತಿಳಿವಳಿಕೆ

ನನಗೆ ಮೊದಲು ಶುಗರ್ ಇರಲೇ ಇಲ್ಲ. ಬಸುರಿಯಾದ ಮೇಲೆ ಎಲ್ಲಿಂದ ಬಂತು?

ಗರ್ಭದಲ್ಲಿ ಬೆಳೆಯುವ ಮಾಸು ಮಗುವಿಗೆ ಆಹಾರ, ಆಮ್ಲಜನಕಗಳನ್ನು ಸಾಗಿಸುವುದರ ಜೊತೆಗೆ ಹಲವು ಹಾರ್ಮೋನುಗಳನ್ನೂ ತಯಾರಿಸುತ್ತದೆ. ತಾಯಿಯ ರಕ್ತದಲ್ಲಿರುವ ಸಕ್ಕರೆ ಪೂರ್ತಿ ಅವಳ ಮೈಗೇ ಖರ್ಚಾಗಿಬಿಡದೆ ಮಗುವಿಗೂ ಸಿಗಲಿ ಎಂಬಂತೆ, ಈ ಹಾರ್ಮೋನುಗಳು ಅವಳ ದೇಹದಲ್ಲಿ, ರಕ್ತದ ಸಕ್ಕರೆಯನ್ನು ಇಳಿಸುವ ಹಾರ್ಮೋನಾದ ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸುತ್ತವೆ. ಐದಾರು ತಿಂಗಳು ತುಂಬುವ ಹೊತ್ತಿಗೆ ಈ ಪ್ರತಿರೋಧ ಏರತೊಡಗುತ್ತದೆ. ಹೆಚ್ಚಿನ ಹೆಂಗಸರಲ್ಲಿ ಮೇದೋಜೀರಕ ಗ್ರಂಥಿಯು ಅದಕ್ಕೆ ತಕ್ಕಂತೆ ಇನ್ನಷ್ಟು ಇನ್ಸುಲಿನ್ ಸುರಿಸಿ ಸರಿದೂಗಿಸಿಕೊಳ್ಳುತ್ತದೆ. ಯಾರ ಗ್ರಂಥಿಗೆ ಅಷ್ಟು ಶಕ್ತಿ ಇರುವುದಿಲ್ಲವೋ ಅವರ ರಕ್ತದಲ್ಲಿ ಸಕ್ಕರೆ ಏರುತ್ತದೆ. ಇದೇ ಗರ್ಭಾವಸ್ಥೆಯ ಮಧುಮೇಹ. ಮೊದಲ ಮೂರು ತಿಂಗಳಲ್ಲೇ ಸಕ್ಕರೆ ಬಹಳ ಹೆಚ್ಚಿದ್ದರೆ ಮಾತ್ರ, ಅದು ಗರ್ಭ ನಿಲ್ಲುವ ಮೊದಲೇ ಇದ್ದು ಗೊತ್ತಾಗದೆ ಉಳಿದ ಮಧುಮೇಹವಾಗಿರುವ ಸಾಧ್ಯತೆ ಹೆಚ್ಚು.

ಬಯಕೆ ಅಂತ ಸಿಹಿ ಜಾಸ್ತಿ ತಿಂದೆ. ಅದರಿಂದಲೇ ಹೀಗಾಯಿತಾ?

ಇಲ್ಲ. ಸೀಮಂತದಲ್ಲಿ ತಿಂದ ಹೋಳಿಗೆಯಿಂದ ಈ ಕಾಯಿಲೆ ಹುಟ್ಟುವುದಿಲ್ಲ. ತಂದೆ, ತಾಯಿ, ಒಡಹುಟ್ಟಿದವರಿಗೆ ಮಧುಮೇಹವಿರುವುದು, ಗರ್ಭ ಧರಿಸುವ ಮೊದಲೇ ಮೈತೂಕ ಹೆಚ್ಚಿದ್ದುದು, ವಯಸ್ಸು, ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ, ಹಿಂದಿನ ಹೆರಿಗೆಯಲ್ಲಿ ಬಹಳ ದೊಡ್ಡ ಮಗು ಹುಟ್ಟಿದ್ದುದು ಇವೆಲ್ಲ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಭಾರತೀಯ ಮೂಲದವರು ಎಂಬುದೇ ಒಂದು ಕಾರಣ. ತೆಳ್ಳಗಿರುವ, ಮನೆತನದಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲದ ಹೆಂಗಸರಲ್ಲೂ ನಮ್ಮಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಸೊಸೆ ನಾಲಿಗೆ ಹಿಡಿತದಲ್ಲಿಟ್ಟುಕೊಳ್ಳಲಿಲ್ಲ ಎಂದು ಮನೆಯವರು ದೂರುವುದು ಅನ್ಯಾಯ. ಅದರ ದುಷ್ಪರಿಣಾಮವೂ ಉಂಟು: ಬೈಗುಳಕ್ಕೆ ಹೆದರಿದವಳು ತಿಂದದ್ದನ್ನೂ ಗ್ಲುಕೋಮೀಟರ್ (ಮನೆಯಲ್ಲೇ ರಕ್ತದ ಸಕ್ಕರೆ ನೋಡುವ ಯಂತ್ರ) ತೋರಿಸಿದ ಅಂಕಿಯನ್ನೂ ಮುಚ್ಚಿಡುತ್ತಾಳೆ, ಆಗ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ನನಗೆ ಯಾವ ತೊಂದರೆಯೂ ಇಲ್ಲ. ಆ ಸಿಹಿ ನೀರು ಕುಡಿಸಿ ಪರೀಕ್ಷೆ ಮಾಡಲೇಬೇಕಾ?

ಮಾಡಿಸಲೇಬೇಕು, ಏಕೆಂದರೆ ಈ ಮಧುಮೇಹ ಹೆಚ್ಚಿನವರಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಬಾಯಾರಿಕೆ, ದಣಿವು, ಪದೇ ಪದೇ ಮೂತ್ರಕ್ಕೆ ಹೋಗುವುದು ಬಸುರಿನಲ್ಲಿ ಸಹಜವಾಗಿಯೇ ಇರುವುದರಿಂದ ಅವುಗಳನ್ನು ನೋಡಿ ಏನನ್ನೂ ತೀರ್ಮಾನಿಸಲಾಗದು. ಭಾರತ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಪ್ರತಿ ಗರ್ಭಿಣಿಗೂ ಮೊದಲ ಭೇಟಿಯಲ್ಲೇ ಒಮ್ಮೆ, ಅದರಲ್ಲಿ ಸರಿಯಿದ್ದರೆ 24ರಿಂದ 28 ವಾರಗಳ ನಡುವೆ ಇನ್ನೊಮ್ಮೆ ಪರೀಕ್ಷೆ ಆಗಬೇಕು. 75 ಗ್ರಾಂ ಗ್ಲುಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಐದರಿಂದ ಹತ್ತು ನಿಮಿಷದೊಳಗೆ ಕುಡಿಸಿ, ಎರಡು ಗಂಟೆಯ ಬಳಿಕ ರಕ್ತ ನೋಡುತ್ತಾರೆ. 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ ಇದೆ ಎಂದು ಅರ್ಥ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಿಸಬೇಕಾಗುತ್ತದೆ. ಸರ್ಕಾರಿ ವ್ಯವಸ್ಥೆಯಲ್ಲಿ ಪ್ರತಿ ತಿಂಗಳ 9ನೇ ತಾರೀಕು ನಡೆಯುವ ಗರ್ಭಿಣಿಯರ ವಿಶೇಷ ತಪಾಸಣೆಯ ದಿನ ಇದನ್ನು ಕೇಳಿ ಮಾಡಿಸಿಕೊಳ್ಳಬಹುದು.

ಒಂದು ಆಸ್ಪತ್ರೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರು, ಇನ್ನೊಂದರಲ್ಲಿ ತಿಂದು ಬಂದರೂ ಆಗುತ್ತದೆ ಅಂದರು. ಯಾವುದು ಸರಿ?

ಎರಡೂ ಬಳಕೆಯಲ್ಲಿರುವ ವಿಧಾನಗಳೇ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಪ್ಪಿಕೊಂಡ ಪದ್ಧತಿಯಲ್ಲಿ ಖಾಲಿ ಹೊಟ್ಟೆಯಲ್ಲಿ, ಗ್ಲುಕೋಸ್ ಕುಡಿದ ಒಂದು ಗಂಟೆಗೆ ಮತ್ತು ಎರಡು ಗಂಟೆಗೆ ರಕ್ತ ತೆಗೆಯುತ್ತಾರೆ. ಅನುಕ್ರಮವಾಗಿ 92, 180, 153 ಎಂಬ ಮಿತಿಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದರೂ ಮಧುಮೇಹವೆಂದು ಪರಿಗಣಿಸುತ್ತಾರೆ. ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಸಂಗಡಿಗರು ನಮ್ಮ ದೇಶಕ್ಕಾಗಿ ಪ್ರಚಾರಕ್ಕೆ ತಂದದ್ದು, ಕೊನೆಯ ಊಟ ಯಾವಾಗ ಆಗಿದ್ದರೂ ಒಂದೇ ಸಲ ರಕ್ತ ತೆಗೆಯುವ ಮೇಲಿನ ವಿಧಾನ. ಹೊಲದ ಕೆಲಸ ಬಿಟ್ಟು, ಬಸ್ಸು ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಹೆಂಗಸಿಗೆ ನಾಳೆ ಹಸಿದುಕೊಂಡು ಬಾ ಎಂದರೆ ಅವಳು ಬಾರದೇ ಹೋಗಬಹುದು. ಈ ಕಾರಣಕ್ಕೆ ಸರಳ ಪರೀಕ್ಷೆಗೆ ನಮ್ಮಲ್ಲಿ ಬೆಲೆ ಇದೆ. ಅದರಲ್ಲಿ ಕೆಲವು ಪ್ರಕರಣಗಳು ತಪ್ಪಿಹೋಗುತ್ತವೆ ಎಂಬ ಆಕ್ಷೇಪವೂ ತಜ್ಞರಲ್ಲಿದೆ. ಅಳತೆಗೋಲು ಬೇರೆಯಾದ್ದರಿಂದ ಒಬ್ಬಳೇ ಹೆಂಗಸಿಗೆ ಎರಡು ಕಡೆ ಎರಡು ಉತ್ತರ ಬರಬಹುದು. ಹಾಗಾದಾಗ ಇಲ್ಲ ಎಂದ ಕಡೆಯ ಚೀಟಿಯನ್ನಷ್ಟೇ ಇಟ್ಟುಕೊಳ್ಳದೆ, ಎರಡನ್ನೂ ನಿಮ್ಮ ವೈದ್ಯರಿಗೆ ತೋರಿಸಿ.

## ಹೊಟ್ಟೆಯೊಳಗಿನ ಮಗು

ನನ್ನ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಮಗುವಿಗೆ ಏನಾಗುತ್ತದೆ?

ತಾಯಿಯ ರಕ್ತದಲ್ಲಿರುವ ಗ್ಲುಕೋಸ್ ಮಾಸುವನ್ನು ಸಲೀಸಾಗಿ ದಾಟುತ್ತದೆ. ಆದರೆ ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಮುಂದಿನ ಬಹುತೇಕ ತೊಂದರೆಗಳ ಬೇರು ಈ ಒಂದು ವ್ಯತ್ಯಾಸದಲ್ಲಿದೆ. ಮೂರನೇ ತಿಂಗಳ ಕೊನೆಯ ಹೊತ್ತಿಗೆ ಮಗುವಿನ ಪುಟ್ಟ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸಲು ಕಲಿತಿರುತ್ತದೆ. ತಾಯಿಯಿಂದ ಬರುವ ಸಕ್ಕರೆ ದಿನವೂ ಹೆಚ್ಚಾಗಿದ್ದರೆ, ಮಗು ಅದನ್ನು ನಿಭಾಯಿಸಲು ತಾನೇ ಹೆಚ್ಚೆಚ್ಚು ಇನ್ಸುಲಿನ್ ಸುರಿಸುತ್ತದೆ. ಡೆನ್ಮಾರ್ಕಿನ ವೈದ್ಯ ಯೋರ್ಗನ್ ಪೆಡರ್ಸನ್ 1950ರ ದಶಕದಲ್ಲಿ ಮುಂದಿಟ್ಟ ಈ ವಿವರಣೆ ಇಂದಿಗೂ ನಿಂತಿದೆ.

ಗರ್ಭದಲ್ಲಿ ಇನ್ಸುಲಿನ್ ಬೆಳವಣಿಗೆಯ ಹಾರ್ಮೋನಿನಂತೆಯೂ ಕೆಲಸ ಮಾಡುತ್ತದೆ. ಅದರಿಂದಾಗಿ ಮಗುವಿನ ಭುಜ, ಬೆನ್ನು, ಹೊಟ್ಟೆಯ ಭಾಗದಲ್ಲಿ ಕೊಬ್ಬು ಶೇಖರವಾಗುತ್ತದೆ, ಯಕೃತ್ತು ಮತ್ತು ಹೃದಯದ ಸ್ನಾಯು ದಪ್ಪಗಾಗುತ್ತವೆ. ಬೆಳವಣಿಗೆ ಹೆಚ್ಚಿದಷ್ಟೂ ಆಮ್ಲಜನಕದ ಬೇಡಿಕೆ ಹೆಚ್ಚುತ್ತದೆ. ಅದನ್ನು ಪೂರೈಸಲು ಮಗುವಿನ ದೇಹ ಕೆಂಪು ರಕ್ತಕಣಗಳನ್ನು ಹೆಚ್ಚಾಗಿ ತಯಾರಿಸುತ್ತದೆ. ಶ್ವಾಸಕೋಶದ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ತಡೆಯುವ ಜಿಡ್ಡಿನಂಥ ಪದಾರ್ಥದ ತಯಾರಿಕೆಗೂ ಹೆಚ್ಚಿನ ಇನ್ಸುಲಿನ್ ಅಡ್ಡ ಬರುತ್ತದೆ. ಈ ಸರಪಳಿ ಶುರುವಾಗುವುದು ತಾಯಿಯ ಸಕ್ಕರೆಯಿಂದ. ಆದ್ದರಿಂದ ಅದನ್ನು ಹತೋಟಿಗೆ ತಂದರೆ ಮುಂದಿನ ಕೊಂಡಿಗಳೂ ಸಡಿಲವಾಗುತ್ತವೆ.

ಮಗು ದುಂಡಗೆ, ದಪ್ಪಗೆ ಬೆಳೆದರೆ ಒಳ್ಳೆಯದೇ ಅಲ್ಲವೇ? ನಮ್ಮ ಅತ್ತೆಗೆ ತುಂಬಾ ಖುಷಿಯಾಗಿದೆ.

ಕಡಿಮೆ ತೂಕದ ಮಕ್ಕಳು ಹುಟ್ಟಿ ತೀರಿಕೊಳ್ಳುತ್ತಿದ್ದ ಕಾಲವನ್ನು ಕಂಡ ಹಿರಿಯರಿಗೆ ದುಂಡು ಮಗು ಸಂತೋಷ ಕೊಡುವುದು ಸಹಜವೇ. ಆದರೆ ಮಧುಮೇಹದಿಂದ ಬಂದ ತೂಕ ಎಲ್ಲ ಭಾಗಗಳಿಗೂ ಸಮನಾಗಿ ಹಂಚಿಕೆಯಾಗಿರುವುದಿಲ್ಲ. ತಲೆ ಸಾಮಾನ್ಯ ಗಾತ್ರದಲ್ಲೇ ಇದ್ದು, ಭುಜ ಮತ್ತು ಎದೆಯ ಸುತ್ತಳತೆ ಹೆಚ್ಚಿರುತ್ತದೆ. ಹೆರಿಗೆಯಲ್ಲಿ ತಲೆ ಹೊರಬಂದ ಮೇಲೆ ಭುಜ ಸಿಕ್ಕಿಹಾಕಿಕೊಳ್ಳಬಹುದು. ಆ ಕೆಲವೇ ನಿಮಿಷಗಳಲ್ಲಿ ಮಗುವಿಗೆ ಉಸಿರುಗಟ್ಟುವುದು, ಕೊರಳೆಲುಬು ಮುರಿಯುವುದು, ತೋಳಿನ ನರಗಳು ಎಳೆದುಹೋಗಿ ಕೈ ಎತ್ತಲಾಗದಂತಾಗುವುದು ಸಾಧ್ಯ. ತಾಯಿಗೂ ಹೆರಿಗೆಯ ದಾರಿ ಹರಿದು ಗಾಯವಾಗುವ, ಅಧಿಕ ರಕ್ತಸ್ರಾವವಾಗುವ ಅಪಾಯವಿದೆ. ಮಗು ದೊಡ್ಡದಿದೆ ಎಂದು ಸ್ಕ್ಯಾನಿಂಗಿನಲ್ಲಿ ಹೇಳಿದರೆ, ಸಕ್ಕರೆಯ ಪರೀಕ್ಷೆ ಸರಿಯಾಗಿ ಆಗಿದೆಯೇ ಎಂದು ಅಲ್ಲೇ ಕೇಳುವುದು ಒಳ್ಳೆಯದು.

ಮಗುವಿನ ಹೃದಯದಲ್ಲಿ ತೂತು, ಬೆನ್ನುಹುರಿಯ ತೊಂದರೆ ಆಗುತ್ತದೆ ಅಂತಾರೆ, ಹೌದಾ?

ಅಂಗಾಂಗಗಳು ರೂಪುಗೊಳ್ಳುವುದು ಗರ್ಭದ ಮೊದಲ ಎಂಟು ವಾರಗಳ ಆಸುಪಾಸಿನಲ್ಲಿ. ಆ ಸಮಯದಲ್ಲಿ ಸಕ್ಕರೆ ಬಹಳ ಹೆಚ್ಚಿದ್ದರೆ ಹೃದಯ, ಮೆದುಳು, ಬೆನ್ನುಹುರಿಗಳ ರಚನೆಯಲ್ಲಿ ದೋಷ ಬರುವ ಸಾಧ್ಯತೆ ಏರುತ್ತದೆ. ಇದು ಮುಖ್ಯವಾಗಿ ಗರ್ಭ ಧರಿಸುವ ಮೊದಲೇ ಮಧುಮೇಹವಿದ್ದವರ ಪ್ರಶ್ನೆ. ಐದಾರು ತಿಂಗಳ ಬಳಿಕ ಶುರುವಾಗುವ ಗರ್ಭಾವಸ್ಥೆಯ ಮಧುಮೇಹದ ಹೊತ್ತಿಗೆ ಅಂಗರಚನೆ ಮುಗಿದಿರುತ್ತದೆ, ಆದ್ದರಿಂದ ಆ ಭಯಕ್ಕೆ ಆಧಾರ ಕಡಿಮೆ. ಮೊದಲ ತಿಂಗಳುಗಳಲ್ಲೇ ಸಕ್ಕರೆ ಪತ್ತೆಯಾಗಿದ್ದರೆ 18ರಿಂದ 20 ವಾರಗಳ ನಡುವಿನ ಸ್ಕ್ಯಾನಿಂಗನ್ನು ತಪ್ಪಿಸಬಾರದು. ಮೇಲೆ ಹೇಳಿದ ಹೃದಯದ ಸ್ನಾಯು ದಪ್ಪಗಾಗುವ ತೊಂದರೆ ತೂತಿನಂಥದಲ್ಲ. ಹೆಚ್ಚಿನ ಮಕ್ಕಳಲ್ಲಿ ಹುಟ್ಟಿದ ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ.

ಸ್ಕ್ಯಾನಿಂಗ್‌ನಲ್ಲಿ ನೀರು ಜಾಸ್ತಿ ಇದೆ ಅಂತ ಬರೆದಿದ್ದಾರೆ. ನಾನು ನೀರು ಕುಡಿಯುವುದು ಕಡಿಮೆ ಮಾಡಬೇಕಾ?

ಬೇಡ. ಮಗುವಿನ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ಅದು ಹೆಚ್ಚು ಮೂತ್ರ ಮಾಡುತ್ತದೆ, ಅದರಿಂದ ಸುತ್ತಲಿನ ಗರ್ಭಜಲ ಹೆಚ್ಚುತ್ತದೆ. ನೀವು ಕುಡಿಯುವ ನೀರಿಗೂ ಇದಕ್ಕೂ ಸಂಬಂಧವಿಲ್ಲ. ಹೊಟ್ಟೆ ಬಿಗಿದು ಉಸಿರಾಟ ಕಷ್ಟವಾದರೆ ಅಥವಾ ದಿನ ತುಂಬುವ ಮೊದಲೇ ನೋವು ಬಂದರೆ, ನೀರು ಒಡೆದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕೇಳಲು ಭಯವಾಗುತ್ತದೆ. ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದಾ?

ಸಕ್ಕರೆ ಬಹುಕಾಲ ಹತೋಟಿ ಮೀರಿದ್ದರೆ, ಅದರಲ್ಲೂ ಕೊನೆಯ ವಾರಗಳಲ್ಲಿ, ಆ ಅಪಾಯ ಹೆಚ್ಚುತ್ತದೆ ಎಂಬುದು ನಿಜ. ಅದನ್ನು ಮುಚ್ಚಿಡುವುದರಿಂದ ಯಾರಿಗೂ ಉಪಕಾರವಿಲ್ಲ. ಸಕ್ಕರೆ ಹತೋಟಿಯಲ್ಲಿದ್ದು, ತಪಾಸಣೆ ಕ್ರಮವಾಗಿ ನಡೆಯುತ್ತಿದ್ದರೆ ಹೀಗಾಗುವುದು ಬಹಳ ಅಪರೂಪ. ಮನೆಯಲ್ಲೇ ಮಾಡಬಹುದಾದ ಒಂದು ಕೆಲಸವಿದೆ: ಊಟವಾದ ಮೇಲೆ ಒಂದು ಮಗ್ಗುಲಿಗೆ ಮಲಗಿ ಮಗುವಿನ ಚಲನೆ ಎಣಿಸಿ. ಎರಡು ಗಂಟೆಯೊಳಗೆ ಹತ್ತು ಸಲ ಒದ್ದದ್ದು ತಿಳಿಯದಿದ್ದರೆ, ಅಥವಾ ದಿನಾ ಇದ್ದ ಓಡಾಟ ಇಂದು ಕಡಿಮೆಯಾಗಿದೆ ಎನಿಸಿದರೆ, ಬೆಳಗಾಗಲಿ ಎಂದು ಕಾಯದೆ ಹೆರಿಗೆ ಆಸ್ಪತ್ರೆಗೆ ಹೋಗಿ. ಏನೂ ಇಲ್ಲದಿದ್ದರೆ ಸುಮ್ಮನೆ ಹೋಗಿಬಂದಂತಾದೀತು ಎಂಬ ಸಂಕೋಚ ಬೇಡವೇ ಬೇಡ.

## ಊಟ, ಓಡಾಟ, ಔಷಧಿ

ಅನ್ನ ಬಿಟ್ಟು ರಾಗಿಮುದ್ದೆ ಶುರು ಮಾಡಿದ್ದೇನೆ. ಸಾಕಲ್ಲವಾ?

ರಾಗಿಯಲ್ಲಿ ಸುಣ್ಣದ ಅಂಶ ಮತ್ತು ನಾರು ಪಾಲಿಶ್ ಮಾಡಿದ ಅಕ್ಕಿಗಿಂತ ಹೆಚ್ಚಿವೆ, ಆದರೆ ಅದೂ ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ತಿಂದರೆ ಸಕ್ಕರೆ ಅನ್ನ ಉಂಡಷ್ಟೇ ಏರಬಹುದು. ನೀರಾಗಿ ಕಾಯಿಸಿದ ರಾಗಿ ಗಂಜಿ ಇನ್ನೂ ಬೇಗ ಏರಿಸುತ್ತದೆ. ಜೋಳದ ರೊಟ್ಟಿ, ಚಪಾತಿ, ಅಕ್ಕಿರೊಟ್ಟಿ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಧಾನ್ಯವನ್ನು ಬದಲಿಸುವುದಕ್ಕಿಂತ ಅದರ ಪ್ರಮಾಣವನ್ನು ಅಳೆಯುವುದು, ಮತ್ತು ಅದರ ಜೊತೆಗೆ ಏನಿದೆ ಎಂದು ನೋಡುವುದು ಹೆಚ್ಚು ಮುಖ್ಯ. ಒಂದು ಚಿಕ್ಕ ಮುದ್ದೆಗೆ ಗಟ್ಟಿಯಾದ ಹುರುಳಿ ಸಾರೋ ಬಸ್ಸಾರೋ ಇದ್ದು, ಪಕ್ಕದಲ್ಲಿ ಸೊಪ್ಪಿನ ಪಲ್ಯ, ಒಂದು ಮೊಟ್ಟೆ ಅಥವಾ ಮೊಳಕೆ ಹೆಸರುಕಾಳು, ಮಜ್ಜಿಗೆ ಇದ್ದರೆ ಸಕ್ಕರೆ ನಿಧಾನವಾಗಿ ಏರುತ್ತದೆ. ಬೆಳಗಿನ ಹೊತ್ತು ಇನ್ಸುಲಿನ್ನಿಗೆ ಪ್ರತಿರೋಧ ಹೆಚ್ಚಿರುವುದರಿಂದ, ಐದಾರು ಇಡ್ಲಿಗೆ ನೀರು ಸಾಂಬಾರು ಎಂಬಂಥ ತಿಂಡಿಯೇ ಹಲವರಲ್ಲಿ ದಿನದ ಅತಿ ಹೆಚ್ಚಿನ ಅಂಕಿಗೆ ಕಾರಣ. ಅದನ್ನು ಎರಡಕ್ಕೆ ಇಳಿಸಿ, ಕಾಳಿನ ಉಸಲಿಯನ್ನೋ ಮೊಟ್ಟೆಯನ್ನೋ ಸೇರಿಸಿ ನೋಡಿ. ಗ್ಲುಕೋಮೀಟರೇ ವ್ಯತ್ಯಾಸ ಹೇಳುತ್ತದೆ.

ಊಟವಾದ ಮೇಲೆ ಹತ್ತು ಹದಿನೈದು ನಿಮಿಷದ ನಡಿಗೆಯಿಂದಲೂ ಸಕ್ಕರೆಯ ಏರಿಕೆ ತಗ್ಗುತ್ತದೆ. ವೈದ್ಯರು ವಿಶ್ರಾಂತಿ ಹೇಳಿರದಿದ್ದರೆ ಅಂಗಳದಲ್ಲೋ ಮಹಡಿಯ ಮೇಲೋ ಓಡಾಡಿದರೂ ಸಾಕು.

ಒಂದು ಹೊತ್ತು ಊಟ ಬಿಟ್ಟರೆ ಸಕ್ಕರೆ ಬೇಗ ಇಳಿಯುತ್ತದಲ್ಲಾ?

ಅಂಕಿ ಇಳಿಯಬಹುದು, ಆದರೆ ಮಗು ಬೆಳೆಯಬೇಕಾದ ಸಮಯವಿದು. ಹಸಿವಿನಲ್ಲಿ ದೇಹ ಕೊಬ್ಬನ್ನು ಕರಗಿಸತೊಡಗಿದಾಗ ಉಂಟಾಗುವ ಕೀಟೋನ್‌ಗಳು ಮಾಸುವನ್ನು ದಾಟಿ ಮಗುವನ್ನು ತಲುಪುತ್ತವೆ. ಅಷ್ಟೇ ಅಲ್ಲದೆ, ಮಧ್ಯಾಹ್ನ ಬಿಟ್ಟವರು ರಾತ್ರಿ ಒಮ್ಮೆಲೇ ಹೆಚ್ಚು ಉಣ್ಣುತ್ತಾರೆ. ದಿನದ ಆಹಾರವನ್ನು ಮೂರು ಊಟ ಮತ್ತು ಎರಡು ಮೂರು ಸಣ್ಣ ತಿಂಡಿಗಳಾಗಿ ಹಂಚಿಕೊಳ್ಳಿ. ಮಲಗುವ ಮುಂಚೆ ಸಕ್ಕರೆ ಹಾಕದ ಒಂದು ಲೋಟ ಹಾಲು ಕುಡಿಯುವುದು ರಾತ್ರಿಯ ಉಪವಾಸವನ್ನು ಕಡಿಮೆ ಮಾಡುತ್ತದೆ. ಏಕಾದಶಿ, ಸಂಕಷ್ಟಿ, ರಂಜಾನ್ ಉಪವಾಸಗಳ ಬಗ್ಗೆ ವೈದ್ಯರನ್ನು ಕೇಳದೆ ತೀರ್ಮಾನಿಸಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಉಪವಾಸ ನೇರ ಅಪಾಯ.

ಸಕ್ಕರೆ ಬದಲು ಬೆಲ್ಲ, ಜೇನು ಆಗಬಹುದಾ? ಹಣ್ಣು, ಎಳನೀರು? ಅಂಗನವಾಡಿಯಲ್ಲಿ ಕೊಡುವ ಚಿಕ್ಕಿ?

ಬೆಲ್ಲ ಮತ್ತು ಜೇನು ರಕ್ತವನ್ನು ಸೇರುವುದು ಸಕ್ಕರೆಯಾಗಿಯೇ. ಹಣ್ಣನ್ನು ಪೂರ್ತಿ ಬಿಡಬೇಕಿಲ್ಲ: ಒಂದು ಸೀಬೆ, ಒಂದು ಕಿತ್ತಳೆ, ಒಂದು ಹೋಳು ಪಪ್ಪಾಯಿಯಂಥದನ್ನು ಊಟದ ಜೊತೆಗಲ್ಲದೆ ನಡುವಿನ ತಿಂಡಿಯಾಗಿ ತಿನ್ನಬಹುದು, ರಸ ಮಾಡಿ ಕುಡಿಯಬಾರದು. ಚೆನ್ನಾಗಿ ಹಣ್ಣಾದ ಪಪ್ಪಾಯಿ ಗರ್ಭಕ್ಕೆ ಹಾನಿ ಎಂಬ ಭಯಕ್ಕೆ ಆಧಾರವಿಲ್ಲ, ಕಾಯಿ ಪಪ್ಪಾಯಿ ಬೇಡ. ಎಳನೀರನ್ನು ದಿನವೂ ಎರಡು ಮೂರು ಕುಡಿಯುವ ರೂಢಿ ಇದ್ದರೆ ನಿಲ್ಲಿಸಿ. ಮಾತೃಪೂರ್ಣ ಯೋಜನೆಯ ಊಟದಲ್ಲಿ ಮೊಟ್ಟೆ, ಹಾಲು, ತರಕಾರಿ ನಿಮಗೆ ಬೇಕಾದವೇ. ಅನ್ನವನ್ನು ಕಡಿಮೆ ಬಡಿಸಲು ಹೇಳಿ, ಬೆಲ್ಲದ ಚಿಕ್ಕಿಯ ಬದಲು ಮನೆಯಲ್ಲಿ ಒಂದು ಹಿಡಿ ಹುರಿದ ಕಡಲೆಕಾಯಿ ತಿನ್ನಿ. ಸಕ್ಕರೆ ಇದೆ ಎಂಬ ಕಾರಣಕ್ಕೆ ಆ ಊಟವನ್ನೇ ಬಿಟ್ಟುಬಿಡುವುದು ನಷ್ಟ.

ಅಂಕಿ ಎಷ್ಟಿರಬೇಕು? ಮೂರು ತಿಂಗಳ ಸರಾಸರಿ ಪರೀಕ್ಷೆ ಒಂದೇ ಮಾಡಿಸಿದರೆ ಸಾಲದೇ?

ಸಾಮಾನ್ಯವಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಊಟ ಶುರುವಾದ ಎರಡು ಗಂಟೆಗೆ 120ರ ಒಳಗೆ ಇರಬೇಕು. ಒಂದು ಗಂಟೆಗೆ ನೋಡುವುದಾದರೆ 140ರ ಒಳಗೆ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಬಸುರಿನಲ್ಲಿ ನಂಬಿಕಾರ್ಹವಲ್ಲ: ಆಗ ಕೆಂಪು ರಕ್ತಕಣಗಳು ಬೇಗ ಬೇಗ ಬದಲಾಗುತ್ತವೆ, ಜೊತೆಗೆ ನಮ್ಮಲ್ಲಿ ರಕ್ತಹೀನತೆಯೂ ವ್ಯಾಪಕ. ಊಟದ ನಂತರದ ಏರಿಕೆ ಅದರಲ್ಲಿ ಅಡಗಿಹೋಗುತ್ತದೆ, ಮಗುವಿನ ಬೆಳವಣಿಗೆಯ ಮೇಲೆ ಪರಿಣಾಮ ಬೀರುವುದು ಆ ಏರಿಕೆಯೇ. ಸಾಧ್ಯವಿದ್ದವರು ಮನೆಯಲ್ಲಿ ಗ್ಲುಕೋಮೀಟರ್ ಇಟ್ಟುಕೊಂಡು ಅಂಕಿ, ಸಮಯ, ತಿಂದದ್ದು ಮೂರನ್ನೂ ಪುಸ್ತಕದಲ್ಲಿ ಬರೆದಿಡಿ.

ಊಟದಲ್ಲಿ ಪಥ್ಯ ಮಾಡಿದರೂ ಇಳಿಯಲಿಲ್ಲ, ಇನ್ಸುಲಿನ್ ಅಂದಿದ್ದಾರೆ. ಮಗುವಿಗೆ ಏನಾದರೂ ಆಗುತ್ತದಾ? ಮಾತ್ರೆ ಕೊಡಬಾರದಾ?

ಚುಚ್ಚಿಕೊಂಡ ಇನ್ಸುಲಿನ್ ಕೂಡ ತಾಯಿಯ ಇನ್ಸುಲಿನ್ನಿನಂತೆ ಮಾಸುವನ್ನು ದಾಟುವುದಿಲ್ಲ. ಮಗುವಿನ ದೃಷ್ಟಿಯಿಂದ ಅದಕ್ಕಿಂತ ಸುರಕ್ಷಿತ ಔಷಧಿ ಇಲ್ಲ. ಒಮ್ಮೆ ಶುರುವಾದರೆ ಜೀವನಪೂರ್ತಿ ಎಂಬ ಮಾತೂ ಇಲ್ಲಿಗೆ ಹೊಂದುವುದಿಲ್ಲ, ಬಹುಪಾಲು ಬಾಣಂತಿಯರಿಗೆ ಹೆರಿಗೆಯೊಂದಿಗೇ ಅದರ ಅಗತ್ಯ ಮುಗಿಯುತ್ತದೆ. ನಮ್ಮ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಎರಡು ವಾರ ಆಹಾರ ಮತ್ತು ನಡಿಗೆಯಿಂದ ಪ್ರಯತ್ನಿಸಿ, ಊಟದ ಎರಡು ಗಂಟೆಯ ಅಂಕಿ 120ರ ಕೆಳಗೆ ಬಾರದಿದ್ದರೆ ಔಷಧಿ ಆರಂಭಿಸಬೇಕೆಂದಿದೆ. 20 ವಾರಗಳ ನಂತರ ಮೆಟ್‌ಫಾರ್ಮಿನ್ ಮಾತ್ರೆಗೂ ಅವಕಾಶವಿದೆ. ಆ ಮಾತ್ರೆ ಮಾಸುವನ್ನು ದಾಟುತ್ತದೆ. ಅದರಿಂದ ಹುಟ್ಟುವಾಗ ತೊಂದರೆ ಹೆಚ್ಚಿದ್ದು ಕಂಡಿಲ್ಲವಾದರೂ, ಮಕ್ಕಳು ದೊಡ್ಡವರಾದಂತೆ ಮೈತೂಕದ ಮೇಲೆ ಪರಿಣಾಮವಿದೆಯೇ ಎಂಬ ಚರ್ಚೆ ಮುಂದುವರಿದಿದೆ. ಚುಚ್ಚುಮದ್ದು ನಿಭಾಯಿಸಲಾಗದ ಮನೆಗಳಲ್ಲಿ ಮಾತ್ರೆ ಸಮಂಜಸ ಆಯ್ಕೆಯೇ ಹೌದು, ಏಕೆಂದರೆ ಸಕ್ಕರೆಯನ್ನು ಹಾಗೇ ಬಿಡುವುದರ ಹಾನಿ ಅದಕ್ಕಿಂತ ಬಹಳ ದೊಡ್ಡದು.

ಫ್ರಿಜ್ ಇಲ್ಲದವರು ಇನ್ಸುಲಿನ್ ಬಾಟಲಿಯನ್ನು ನೀರಿರುವ ಮಣ್ಣಿನ ಮಡಕೆಯಲ್ಲಿ, ನೀರು ತಾಗದಂತೆ ಮುಚ್ಚಿ ತಂಪಾಗಿ ಇಡಬಹುದು. ಕೈ ನಡುಕ, ಬೆವರು, ಕಣ್ಣು ಮಂಜಾಗುವುದು ಸಕ್ಕರೆ 70ಕ್ಕಿಂತ ಕೆಳಗಿಳಿದ ಸೂಚನೆಗಳು. ಆಗ ಮೂರು ಚಮಚ ಗ್ಲುಕೋಸ್ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷದ ಮೇಲೂ ಸರಿಯಾಗದಿದ್ದರೆ ಮತ್ತೆ ಕುಡಿಯಬೇಕು. ಮನೆಯ ಎಲ್ಲರಿಗೂ ಇದು ತಿಳಿದಿರಲಿ.

## ಹೆರಿಗೆ ಮತ್ತು ಮೊದಲ ದಿನಗಳು

ಶುಗರ್ ಇದ್ದರೆ ಸಿಸೇರಿಯನ್ ಗ್ಯಾರಂಟಿನಾ?

ಅಲ್ಲ. ಸಕ್ಕರೆ ಹತೋಟಿಯಲ್ಲಿದ್ದು ಮಗುವಿನ ಗಾತ್ರ ಸರಿಯಿದ್ದರೆ ಸಹಜ ಹೆರಿಗೆಗೆ ಅಡ್ಡಿಯಿಲ್ಲ. ಅಂದಾಜು ತೂಕ ನಾಲ್ಕು ಕಿಲೋ ದಾಟಿದಾಗ ಶಸ್ತ್ರಚಿಕಿತ್ಸೆಯ ಯೋಚನೆ ಬರುತ್ತದೆ. ಸ್ಕ್ಯಾನಿಂಗಿನ ಅಂದಾಜಿನಲ್ಲಿ ಹೆಚ್ಚುಕಡಿಮೆ ಆಗುವುದನ್ನೂ ಗಮನದಲ್ಲಿಡಬೇಕು. ಈ ಮಕ್ಕಳ ಶ್ವಾಸಕೋಶ ತಡವಾಗಿ ಬಲಿಯುವುದರಿಂದ, ಬೇರೆ ಕಾರಣವಿಲ್ಲದೆ 39 ವಾರಗಳಿಗಿಂತ ಮೊದಲು ಹೆರಿಗೆ ಮಾಡಿಸುವುದು ಸರಿಯಲ್ಲ. ಒಳ್ಳೆಯ ನಕ್ಷತ್ರ ನೋಡಿ 37ನೇ ವಾರದಲ್ಲೇ ಸಿಸೇರಿಯನ್‌ಗೆ ಮುಹೂರ್ತ ಇಡಿಸುವವರಿದ್ದಾರೆ. ಮಧುಮೇಹವಿರುವ ತಾಯಿಯ ಮಗುವಿಗೆ ಆ ಎರಡು ವಾರಗಳು ಬಹಳ ಅಮೂಲ್ಯ, ದಯವಿಟ್ಟು ಹಾಗೆ ಮಾಡಬೇಡಿ.

ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ ಚುಚ್ಚಿ ರಕ್ತ ನೋಡಿದರು. ಮಗುವಿಗೂ ಶುಗರ್ ಬಂದಿದೆಯಾ?

ಮಗುವಿಗೆ ಮಧುಮೇಹ ಬಂದಿಲ್ಲ. ಅವರು ನೋಡುತ್ತಿರುವುದು ಸಕ್ಕರೆ ತೀರಾ ಇಳಿದಿದೆಯೇ ಎಂದು. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಲ್ಲೇ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಂತುಹೋಗುತ್ತದೆ, ಆದರೆ ಹೆಚ್ಚು ಇನ್ಸುಲಿನ್ ಸುರಿಸುವುದಕ್ಕೆ ಒಗ್ಗಿದ ಮಗುವಿನ ಗ್ರಂಥಿ ಅಷ್ಟು ಬೇಗ ನಿಲ್ಲುವುದಿಲ್ಲ. ಹೀಗಾಗಿ ಮೊದಲ ಗಂಟೆಗಳಲ್ಲಿ ಸಕ್ಕರೆ ಕುಸಿಯಬಹುದು. 45 ಮಿಲಿಗ್ರಾಂಗಿಂತ ಕೆಳಗಿಳಿದರೆ ನಮ್ಮಲ್ಲಿ ಚಿಕಿತ್ಸೆ ಕೊಡುತ್ತಾರೆ. ದೀರ್ಘಕಾಲ ತೀರಾ ಕಡಿಮೆ ಇದ್ದರೆ ಫಿಟ್ಸ್ ಬರಬಹುದು, ಮೆದುಳಿಗೆ ಹಾನಿಯಾಗಬಹುದು, ಆದ್ದರಿಂದಲೇ ಈ ಚುಚ್ಚುವಿಕೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡುವುದು, ಮಗುವನ್ನು ಎದೆಗೆ ಅಪ್ಪಿ ಬೆಚ್ಚಗಿಡುವುದು, ಎರಡು ಮೂರು ಗಂಟೆಗೊಮ್ಮೆ ಕುಡಿಸುವುದು ಇದಕ್ಕೆ ಮೊದಲ ಮದ್ದು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಜೇನನ್ನೋ ಸಕ್ಕರೆ ನೀರನ್ನೋ ನೆಕ್ಕಿಸುವ ಪದ್ಧತಿಯಿಂದ ಈ ಮಗುವಿಗೆ ಇಮ್ಮಡಿ ನಷ್ಟ.

ಉಸಿರಾಟ ಜೋರಾಗಿದೆ ಅಂತ ಐಸಿಯುಗೆ ಹಾಕಿದರು, ಆಮೇಲೆ ಕಾಮಾಲೆ ಅಂದರು. ಇದೆಲ್ಲ ಶುಗರ್‌ನಿಂದಲೇನಾ?

ಸಂಬಂಧವಿರಬಹುದು. ಶ್ವಾಸಕೋಶ ಬಲಿಯುವುದು ತಡವಾದರೆ ಉಸಿರಾಟ ಕಷ್ಟವಾಗುತ್ತದೆ. ಹೆಚ್ಚಾಗಿ ತಯಾರಾದ ಕೆಂಪು ರಕ್ತಕಣಗಳು ಒಡೆಯುವಾಗ ಕಾಮಾಲೆ ಹೆಚ್ಚುತ್ತದೆ, ಅದಕ್ಕೆ ನೀಲಿ ಬೆಳಕಿನ ಚಿಕಿತ್ಸೆ ಸಾಕಾಗುತ್ತದೆ. ಎಳೆಬಿಸಿಲಿಗೆ ಹಿಡಿಯುವುದು ಅದಕ್ಕೆ ಬದಲಿಯಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಮಗು ನಡುಗುವುದೂ ಉಂಟು. ಇವು ಬಹುಪಾಲು ಕೆಲವು ದಿನಗಳಲ್ಲಿ ಸರಿಹೋಗುವಂಥವು, ನವಜಾತ ಶಿಶುಗಳ ಆರೈಕೆ ಇರುವ ಕಡೆ ಹೆರಿಗೆಯಾಗಬೇಕು ಎನ್ನುವುದು ಈ ಕಾರಣಕ್ಕೆ.

ನನ್ನ ಹಾಲು ಕುಡಿದರೆ ಮಗುವಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲವೇ? ಬಾಣಂತಿಗೆ ಅಂಟಿನ ಉಂಡೆ ಕೊಡಬಹುದಾ?

ಎದೆಹಾಲಿನಿಂದ ಮಧುಮೇಹ ಬರುವುದಿಲ್ಲ. ಬದಲಿಗೆ ಹಾಲೂಡಿಸುವುದರಿಂದ ತಾಯಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ತಗ್ಗುತ್ತದೆ. ಮಗುವಿನ ಮೈತೂಕ ಹದದಲ್ಲಿ ಉಳಿಯಲೂ ಅದು ನೆರವಾಗುತ್ತದೆ. ಬಾಣಂತನದ ತುಪ್ಪ, ಕೊಬ್ಬರಿ ಬೆಲ್ಲ, ಅಂಟಿನ ಉಂಡೆಗಳನ್ನು ಅಜ್ಜಿಯರು ಪ್ರೀತಿಯಿಂದ ಮಾಡಿಕೊಡುತ್ತಾರೆ. ಆದರೆ ತಿಂಗಳುಗಟ್ಟಲೆ ಅದೇ ನಡೆದರೆ, ಗರ್ಭದಲ್ಲಿ ಹತೋಟಿಗೆ ತಂದದ್ದೆಲ್ಲ ಕೈಜಾರುತ್ತದೆ. ಬಾಣಂತಿಗೆ ಬೇಕಾದದ್ದು ಬೇಳೆ, ಸೊಪ್ಪು, ಹಾಲು, ಮೊಟ್ಟೆ, ಸಾಕಷ್ಟು ನೀರು. ನೀರು ಕೊಡದೆ ಒಣಗಿಸುವ ಪದ್ಧತಿ ಬೇಡ.

## ಮುಂದಿನ ವರ್ಷಗಳು

ಹೆರಿಗೆಯಾಯಿತು, ಶುಗರ್ ನಾರ್ಮಲ್ ಅಂದರು. ಇನ್ನು ಮರೆತುಬಿಡಬಹುದಲ್ಲವೇ?

ಮರೆಯಬಾರದು. ಮಾಸು ಹೊರಬಿದ್ದೊಡನೆ ಸಕ್ಕರೆ ಇಳಿಯುವುದು ನಿಜ, ಆದರೆ ಆ ಭಾರವನ್ನು ಹೊರಲು ನಿಮ್ಮ ಗ್ರಂಥಿಗೆ ಆಗಲಿಲ್ಲ ಎಂಬುದು ಗೊತ್ತಾಗಿಬಿಟ್ಟಿದೆ. ಗರ್ಭಾವಸ್ಥೆಯಲ್ಲಿ ಮಧುಮೇಹ ಬಂದವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಏಳರಿಂದ ಹತ್ತು ಪಟ್ಟು ಹೆಚ್ಚು. ಹೆರಿಗೆಯಾದ ಆರು ವಾರಕ್ಕೆ 75 ಗ್ರಾಂ ಗ್ಲುಕೋಸಿನ ಪರೀಕ್ಷೆ ಮತ್ತೊಮ್ಮೆ ಆಗಬೇಕು; ಈ ಬಾರಿ ಖಾಲಿ ಹೊಟ್ಟೆಯಲ್ಲಿ 126 ಅಥವಾ ಎರಡು ಗಂಟೆಗೆ 200 ಮುಟ್ಟಿದರೆ ಮಧುಮೇಹ ಉಳಿದಿದೆ ಎಂದು ಅರ್ಥ. ಸರಿಯಿದ್ದರೂ ವರ್ಷಕ್ಕೊಮ್ಮೆ ನೋಡಿಸಬೇಕು. ಇಡೀ ಚಿಕಿತ್ಸೆಯಲ್ಲಿ ನಮ್ಮಲ್ಲಿ ಅತಿ ಹೆಚ್ಚು ತಪ್ಪಿಹೋಗುವ ಹೆಜ್ಜೆ ಇದೇ. ಬಾಣಂತಿ ತವರಿನಲ್ಲಿರುತ್ತಾಳೆ, ಎಲ್ಲರ ಗಮನ ಮಗುವಿನ ಮೇಲಿರುತ್ತದೆ, ಅವಳ ರಕ್ತಪರೀಕ್ಷೆ ಯಾರಿಗೂ ನೆನಪಾಗುವುದಿಲ್ಲ. ಮಗುವಿಗೆ ಆರನೇ ವಾರದ ಲಸಿಕೆ ಹಾಕಿಸಲು ಹೋಗುವ ದಿನವೇ ತಾಯಿಯ ಪರೀಕ್ಷೆಯನ್ನೂ ಮಾಡಿಸುವುದೆಂದು ತಾಯಿ ಕಾರ್ಡಿನ ಮೇಲೆ ಈಗಲೇ ಬರೆದಿಡಿ.

ದೊಡ್ಡವನಾದ ಮೇಲೆ ನನ್ನ ಮಗನಿಗೂ ಮಧುಮೇಹ ಬರುತ್ತದಾ? ಅದು ವಂಶವಾಹಿಯೋ, ಹೊಟ್ಟೆಯಲ್ಲಿದ್ದಾಗ ಆದದ್ದೋ?

ಎರಡೂ ಪಾಲುದಾರರು. ಇವೆರಡನ್ನು ಬೇರ್ಪಡಿಸಿ ನೋಡಲು ನೆರವಾದದ್ದು ಅಮೆರಿಕದ ಅರಿಜೋನಾದ ಪೀಮಾ ಎಂಬ ಮೂಲನಿವಾಸಿ ಸಮುದಾಯದ ಅಧ್ಯಯನ. ಅಲ್ಲಿ ಒಂದೇ ತಾಯಿಯ ಮಕ್ಕಳಲ್ಲಿ, ಅವಳಿಗೆ ಮಧುಮೇಹ ಬರುವ ಮೊದಲು ಹುಟ್ಟಿದವರನ್ನೂ ಬಂದ ಮೇಲೆ ಹುಟ್ಟಿದವರನ್ನೂ ಹೋಲಿಸಿದರು. ನಂತರ ಹುಟ್ಟಿದವರಲ್ಲಿ ಮಧುಮೇಹ ಗಣನೀಯವಾಗಿ ಹೆಚ್ಚಿತ್ತು. ವಂಶವಾಹಿ ಮಾತ್ರ ಕಾರಣವಾಗಿದ್ದರೆ ಇಷ್ಟು ವ್ಯತ್ಯಾಸ ಬರುತ್ತಿರಲಿಲ್ಲ.

ನಮ್ಮ ಮೈಸೂರಿನಲ್ಲಿ, ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭವಾದ ಪಾರ್ಥೆನಾನ್ ಅಧ್ಯಯನ, ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಪರೀಕ್ಷಿಸಿದ ಹೆಂಗಸರಲ್ಲಿ ಶೇಕಡ 6.2ರಷ್ಟು ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಅವರ ಮಕ್ಕಳು ಹುಟ್ಟುವಾಗ ದೊಡ್ಡದಾಗಿದ್ದು, ಒಂದು ವರ್ಷದ ಹೊತ್ತಿಗೆ ಉಳಿದವರಂತೆಯೇ ಕಂಡರು. ಆದರೆ ಐದನೇ ವರ್ಷದಲ್ಲಿ ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬು ಮತ್ತು ಇನ್ಸುಲಿನ್ ಮಟ್ಟ ಹೆಚ್ಚಿದ್ದುದು ಕಂಡುಬಂತು, ಒಂಬತ್ತೂವರೆ ವರ್ಷದ ಹೊತ್ತಿಗೆ ಅಂತರ ಇನ್ನೂ ಸ್ಪಷ್ಟವಾಯಿತು. ತಂದೆಗೆ ಮಾತ್ರ ಮಧುಮೇಹವಿದ್ದ ಮಕ್ಕಳ ಮೈಕಟ್ಟಿನಲ್ಲಿ ಐದನೇ ವರ್ಷದಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಮೊದಲ ಹುಟ್ಟುಹಬ್ಬದಂದು ಮಗು ಎಲ್ಲರಂತೆ ಕಂಡಿತು ಎಂದು ನಿಶ್ಚಿಂತರಾಗಬಾರದು ಎಂಬುದು ಇದರಿಂದ ತಿಳಿಯುತ್ತದೆ. ಹಾಗೆಂದು ಮಗುವಿನ ಹಣೆಬರಹ ತೀರ್ಮಾನವಾಗಿದೆ ಎಂದೂ ಅಲ್ಲ. ಬೇಕರಿ ತಿಂಡಿ, ಪಾಕೀಟಿನ ಜ್ಯೂಸು ರೂಢಿಯಾಗದಂತೆ, ದಿನವೂ ಬಯಲಲ್ಲಿ ಆಡುವಂತೆ ನೋಡಿಕೊಳ್ಳುವುದು ಈ ಮಕ್ಕಳ ಮಟ್ಟಿಗೆ ಇನ್ನಷ್ಟು ಮುಖ್ಯ.

ನನ್ನ ಮಗು ಎರಡೂವರೆ ಕಿಲೋ ಅಷ್ಟೇ ಇತ್ತು. ಹಾಗಾದರೆ ಈ ಮಾತೆಲ್ಲ ನಮಗೆ ಅನ್ವಯಿಸುವುದಿಲ್ಲವಲ್ಲ?

ಹಾಗೆ ಹೇಳಲಾಗದು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ತೋರಿಸಿಕೊಟ್ಟಂತೆ, ಭಾರತದ ನವಜಾತ ಶಿಶುಗಳು ಯುರೋಪಿನ ಶಿಶುಗಳಿಗಿಂತ ತೂಕದಲ್ಲಿ ಕಡಿಮೆಯಿದ್ದರೂ, ಅವುಗಳ ಮೈಯಲ್ಲಿ ಸ್ನಾಯು ಕಡಿಮೆಯಿದ್ದು ಕೊಬ್ಬಿನ ಪಾಲು ಹೆಚ್ಚಿರುತ್ತದೆ. ಆದ್ದರಿಂದ ತೂಕದ ಅಂಕಿಯೊಂದನ್ನೇ ನೋಡಿ ಸಕ್ಕರೆಯ ಪರಿಣಾಮ ಆಗಿಲ್ಲ ಎನ್ನಲು ಬರುವುದಿಲ್ಲ. ತಾಯಿಗೆ ರಕ್ತದೊತ್ತಡವೂ ಇದ್ದರೆ ಮಾಸುವಿಗೆ ರಕ್ತಸಂಚಾರ ಕಡಿಮೆಯಾಗಿ, ಮಧುಮೇಹವಿದ್ದೂ ಮಗು ಸಣ್ಣದಾಗಿ ಹುಟ್ಟಬಹುದು.

ಸ್ವಲ್ಪವೇ ಹೆಚ್ಚಿದ್ದರೂ ಇಷ್ಟೆಲ್ಲ ಚಿಕಿತ್ಸೆ ಬೇಕಾ? ಅದರಿಂದ ಮಗುವಿಗೆ ನಿಜವಾಗಿ ಲಾಭವಿದೆ ಎಂದು ಸಾಬೀತಾಗಿದೆಯಾ?

ಹೆರಿಗೆಯ ಸಮಯದ ತೊಂದರೆಗಳ ಮಟ್ಟಿಗೆ ಸಾಬೀತಾಗಿದೆ. 2005ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಅಷ್ಟೇನೂ ತೀವ್ರವಲ್ಲದ ಮಧುಮೇಹವಿದ್ದ ಸಾವಿರ ಗರ್ಭಿಣಿಯರನ್ನು ಎರಡು ಗುಂಪು ಮಾಡಿದ್ದರು. ಶಿಶುಮರಣ, ಭುಜ ಸಿಕ್ಕಿಕೊಳ್ಳುವುದು, ಎಲುಬು ಮುರಿತ, ನರದ ಗಾಯಗಳಂಥ ಗಂಭೀರ ತೊಂದರೆ ಸಾಮಾನ್ಯ ಆರೈಕೆಯ ಗುಂಪಿನಲ್ಲಿ ಶೇಕಡ 4, ಆಹಾರ ಸಲಹೆ ಮತ್ತು ಅಗತ್ಯವಿದ್ದಾಗ ಇನ್ಸುಲಿನ್ ಕೊಟ್ಟ ಗುಂಪಿನಲ್ಲಿ ಶೇಕಡ 1. ಒಂಬತ್ತು ದೇಶಗಳ ಸುಮಾರು 25,000 ಗರ್ಭಿಣಿಯರನ್ನು ಒಳಗೊಂಡು 2008ರಲ್ಲಿ ಹೊರಬಂದ ಇನ್ನೊಂದು ಅಧ್ಯಯನದಲ್ಲಿ ಗೊತ್ತಾದದ್ದು, ಇಲ್ಲಿಂದ ಮೇಲೆ ಅಪಾಯ, ಇಲ್ಲಿಂದ ಕೆಳಗೆ ಕ್ಷೇಮ ಎನ್ನುವಂಥ ಗೆರೆಯೇ ಇಲ್ಲವೆಂದು. ಸಕ್ಕರೆ ಏರಿದಂತೆ ಮಗುವಿನ ತೂಕ ಮತ್ತು ಹೊಕ್ಕುಳಬಳ್ಳಿಯ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುವ ಸೂಚನೆ ಒಂದೇ ಸಮನೆ ಏರುತ್ತಾ ಹೋಗಿದ್ದವು. ಪರೀಕ್ಷೆಗಳ ಮಿತಿಗಳು ತಜ್ಞರು ಒಪ್ಪಂದಕ್ಕೆ ಬಂದು ಎಳೆದ ಗೆರೆಗಳು. ಬಾಲ್ಯದ ಬೊಜ್ಜಿನ ವಿಷಯದಲ್ಲಿ ಚಿಕಿತ್ಸೆಯ ಲಾಭ ಇನ್ನೂ ಅಷ್ಟು ನಿಚ್ಚಳವಾಗಿಲ್ಲ: ಆಸ್ಟ್ರೇಲಿಯಾದ ಆ ಮಕ್ಕಳನ್ನು ನಾಲ್ಕೈದನೇ ವರ್ಷದಲ್ಲಿ ನೋಡಿದಾಗ ಎರಡು ಗುಂಪುಗಳ ಮೈತೂಕದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಗರ್ಭದ ಕೊನೆಯ ತಿಂಗಳುಗಳಿಗಿಂತ ಮೊದಲೇ ಎಚ್ಚರ ಶುರುವಾಗಬೇಕು ಎಂದು ಹಲವು ತಜ್ಞರು ವಾದಿಸುವುದು ಇದರಿಂದಾಗಿಯೇ, ಆ ವಾದ ಸರಿಯೆಂದೇ ನನಗೂ ತೋರುತ್ತದೆ.

ಎರಡನೇ ಮಗು ಬೇಕೆಂದಿದ್ದೇವೆ. ಮತ್ತೆ ಬರುತ್ತದಾ? ಈಗಿನಿಂದಲೇ ಏನು ಮಾಡಬೇಕು?

ಸುಮಾರು ಅರ್ಧದಷ್ಟು ಹೆಂಗಸರಲ್ಲಿ ಮುಂದಿನ ಬಸುರಿನಲ್ಲೂ ಮರುಕಳಿಸುತ್ತದೆ. ಎರಡು ಬಸುರಿನ ನಡುವೆ ಮೈತೂಕ ಏರಿದ್ದರೆ ಸಾಧ್ಯತೆ ಇನ್ನೂ ಹೆಚ್ಚು. ಗರ್ಭ ನಿಲ್ಲಿಸಿಕೊಳ್ಳುವ ಮೊದಲೇ ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ. ಈ ನಡುವೆ ಟೈಪ್ 2 ಮಧುಮೇಹ ಬಂದಿದ್ದರೆ ಅಂಗರಚನೆಯ ವಾರಗಳು ಶುರುವಾಗುವ ಮುಂಚೆಯೇ ಅದನ್ನು ಹತೋಟಿಗೆ ತರಬೇಕು. ಫೋಲಿಕ್ ಆಮ್ಲದ ಮಾತ್ರೆಯನ್ನೂ ಆಗಲೇ ಆರಂಭಿಸಿ. ಮುಟ್ಟು ನಿಂತದ್ದು ಖಚಿತವಾದ ಕೂಡಲೇ ಆರೋಗ್ಯ ಕೇಂದ್ರಕ್ಕೆ ಹೋಗಿ, ಹಿಂದಿನ ಬಸುರಿನಲ್ಲಿ ಶುಗರ್ ಇತ್ತು ಎಂಬುದನ್ನು ಅವರು ಕೇಳುವ ಮೊದಲು ನೀವೇ ಹೇಳಿ, ಹಳೆಯ ತಾಯಿ ಕಾರ್ಡನ್ನೂ ಸಕ್ಕರೆಯ ಅಂಕಿ ಬರೆದಿಟ್ಟ ಪುಸ್ತಕವನ್ನೂ ಜೊತೆಗೆ ಒಯ್ಯಿರಿ.